ಮಡಕಶಿರಾದಲ್ಲಿ ಸುತ್ತಿಸಿದ ಬೆಸುಗೆ ಪೆಟ್ಟಿಗೆ

ನನ್ನ ವಯಸ್ಸಿನವರು ಬೆಳಿಗ್ಗೆ ಎದ್ದ ಕೂಡಲೇ ಕೋಟೆ ಬೆಟ್ಟದ ಕಡೆ ನಡೆಯಲು ಹೋಗುತ್ತಾರೆ. ನಾನು ಮಹಡಿಯ ಮೇಲಿನ ಕೋಣೆಗೆ ಹೋಗಿ, ರೈಲು ಪ್ಲಾಟ್‌ಫಾರ್ಮಿನಲ್ಲಿ ಸರಿಯಾಗಿ ನಿಂತಿದೆಯೇ ಎಂದು ನೋಡುತ್ತೇನೆ. ನಿಂತೇ ಇರುತ್ತದೆ. ಹಿಂದಿನ ದಿನ ನಾನೇ ನಿಲ್ಲಿಸಿದ್ದು, ರಾತ್ರಿಯೆಲ್ಲ ಎಲ್ಲಿಗೆ ಹೋದೀತು? ಆದರೂ ನೋಡುತ್ತೇನೆ. ಸ್ಟೇಷನ್ ಮಾಸ್ತರರಿಗೆ ಇದು ಕರ್ತವ್ಯ.

ರಾಯದುರ್ಗದಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಡಾಕ್ಟರುಗಳ ಕೈಬರಹ ಓದುತ್ತಾ ಜೀವನ ಕಳೆದವನಿಗೆ ಸಣ್ಣ ಸಂಗತಿಗಳಲ್ಲಿ ಕಣ್ಣು ಕೀಲಿಸುವುದು ಅಭ್ಯಾಸವಾಗಿಬಿಡುತ್ತದೆ. ನಾನು ಹುಡುಗನಾಗಿದ್ದಾಗ ಬಳ್ಳಾರಿಯಿಂದ ನಮ್ಮೂರಿಗೆ ಹೊಗೆ ಉಗುಳುತ್ತಾ ಬರುತ್ತಿದ್ದ ಮೀಟರ್ ಗೇಜ್ ರೈಲನ್ನು ನೀವು ನೋಡಿರಲಿಕ್ಕಿಲ್ಲ. ಪುಟ್ಟ ರೈಲು. ಅವಸರ ಇರಲಿಲ್ಲ ಅದಕ್ಕೆ. ಆಮೇಲೆ ಹಳಿ ಕಿತ್ತು ಅಗಲದ ಹಳಿ ಹಾಕಿದರು, ದೊಡ್ಡ ರೈಲು ಬಂತು, ಎಲ್ಲರಂತೆ ನಾನೂ ಸಿಹಿ ಹಂಚಿದೆ. ಹಳೆಯ ಸ್ಟೇಷನ್ನನ್ನು ಮಾತ್ರ ಬೇವಿನ ಮರ, ನೀರಿನ ತೊಟ್ಟಿ ಸಮೇತ ನಮ್ಮ ಮಹಡಿಗೆ ವರ್ಗ ಮಾಡಿಸಿಕೊಂಡೆ. ಹಲಗೆಯ ಮೇಲೆ ಪುಟ್ಟ ಮಾದರಿಯಾಗಿ ಅದೆಲ್ಲ ಈಗಲೂ ಇದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಲಗಿರುವ ನಾಯಿ ಕೂಡ ಇದೆ. ನನ್ನ ಹೆಂಡತಿ ನಾಗರತ್ನ ಅದನ್ನು ಇಲಿ ಎಂದುಕೊಂಡು ಒಮ್ಮೆ ಪೊರಕೆಯಿಂದ ಹೊಡೆದಿದ್ದಳು.

ಕಷ್ಟ ಶುರುವಾದದ್ದು ಇಂಜಿನ್ನಿನಿಂದ. ಅಂಗಡಿಯಲ್ಲಿ ಸಿಗುವ ಇಂಜಿನ್ನುಗಳೆಲ್ಲ ಬೇರೆ ದೇಶದವು, ಈಗ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವುದೂ ಅಂಥದೇ. ನಮ್ಮ ಸ್ಟೇಷನ್ನಿಗೆ ಬಂದರೆ ದಾರಿ ತಪ್ಪಿ ಬಂದ ನೆಂಟರಂತೆ ಕಾಣುತ್ತವೆ. ಆದ್ದರಿಂದ ಹಿತ್ತಾಳೆಯ ಕೊಳವೆ, ಹಿತ್ತಾಳೆಯ ತಗಡು ತಂದು ನಾನೇ ಕತ್ತರಿಸಿ, ಅರದಿಂದ ಉಜ್ಜಿ, ಬೆಸುಗೆ ಹಾಕಲು ಕೂತೆ. ಬೆಸುಗೆ ಎಂಬ ಮಾತನ್ನು ನಾವು ಮದುವೆ ಮನೆಯ ಭಾಷಣಗಳಲ್ಲಿ ಎಷ್ಟು ಸಲೀಸಾಗಿ ಬಳಸುತ್ತೇವೆ. ಎರಡು ಮನೆತನಗಳ ಬೆಸುಗೆ, ಎರಡು ಮನಸ್ಸುಗಳ ಬೆಸುಗೆ. ಹಾಗೆ ಮಾತಾಡುವವರು ಯಾರೂ ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತವರಲ್ಲ. ಹಿತ್ತಾಳೆಗೆ ಒಂದು ದುರ್ಗುಣವಿದೆ: ಒಂದು ಕಡೆ ಕೊಟ್ಟ ಶಾಖವನ್ನು ಅದು ಮೈಗೆಲ್ಲ ಹಂಚಿಕೊಳ್ಳುತ್ತದೆ. ಬಾಯ್ಲರಿನ ಬಲಗಡೆಗೆ ಹಿಡಿಕಂಬಿ ಕೂರಿಸಿದರೆ ಎಡಗಡೆಯ ಹಿಡಿಕಂಬಿ ಬಿಟ್ಟುಕೊಂಡು ಬೀಳುತ್ತದೆ. ಅದನ್ನು ಕೂರಿಸಿದರೆ ಮೇಲಿನ ಗುಮ್ಮಟ ಜಾರುತ್ತದೆ. ಗುಮ್ಮಟ ಹಿಡಿದುಕೊಂಡರೆ ಬೆರಳು ಸುಡುತ್ತದೆ. ಹೀಗೆ ಒಂದು ಮಳೆಗಾಲ ಪೂರ್ತಿ ನಾನು ಇಂಜಿನ್ನನ್ನು ಕಟ್ಟಿದೆ. ಮಳೆಗಾಲದ ಕೊನೆಗೆ ನನ್ನ ಹತ್ತಿರ ಒಂದು ಬೋಳು ಕೊಳವೆ ಇತ್ತು.

ಇದಕ್ಕೆ ಪರಿಹಾರವನ್ನು ಪ್ರಪಂಚದ ಬೇರೆ ಕಡೆಯ ರೈಲು ಹುಚ್ಚರು ಆಗಲೇ ಕಂಡುಹಿಡಿದಿದ್ದರು. ಒಂದು ಟ್ರಾನ್ಸ್‌ಫಾರ್ಮರು ಬೇಕು. ಅದರಿಂದ ತೀರಾ ಕಡಿಮೆ ವೋಲ್ಟೇಜಿನ, ಆದರೆ ತುಂಬ ಬಲವಾದ ಕರೆಂಟು ಹೊರಡಬೇಕು. ಒಂದು ತಂತಿ ಇಂಜಿನ್ನಿಗೆ, ಇನ್ನೊಂದು ಇದ್ದಿಲಿನ ಕಡ್ಡಿಗೆ. ಆ ಕಡ್ಡಿಯ ತುದಿಯನ್ನು ಎಲ್ಲಿ ಮುಟ್ಟಿಸುತ್ತೀರೋ ಅಲ್ಲಿ ಮಾತ್ರ, ಕರೆಂಟು ಇಕ್ಕಟ್ಟಿನಲ್ಲಿ ನುಗ್ಗುವಾಗ ಶಾಖ ಹುಟ್ಟುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಸುಗೆ ಕರಗಿ ಕೂರುತ್ತದೆ. ಪಕ್ಕದ ಹಿಡಿಕಂಬಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಎರಡು ಕೈಯೂ ಕೆಲಸದಲ್ಲಿರುವುದರಿಂದ ಕರೆಂಟಿನ ಸ್ವಿಚ್ಚನ್ನು ಕಾಲಿಗೆ ಕೊಟ್ಟಿರುತ್ತಾರೆ. ಇದನ್ನು ಕೊಂಡರೆ ವಿದೇಶದಿಂದ ಬರಬೇಕು. ಆದರೆ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಎಲ್ಲರೂ ಬರೆಯುತ್ತಾರೆ. ಮನೆಯಲ್ಲೇ ಮಾಡಿಕೊಳ್ಳಬಹುದು ಎನ್ನುವವರ ಮನೆ ಎಂಥದು ಎಂದು ಯಾರೂ ಬರೆಯುವುದಿಲ್ಲ.

ನಮ್ಮ ಮನೆಯಲ್ಲಿ ಸತ್ತುಹೋದ ಇನ್ವರ್ಟರ್ ಒಂದಿತ್ತು. ಅದರ ಹೊಟ್ಟೆಯಿಂದ ಟ್ರಾನ್ಸ್‌ಫಾರ್ಮರನ್ನು ತೆಗೆದೆ. ಇದ್ದಿಲಿನ ಕಡ್ಡಿಗೆ ಹಳೆಯ ಟಾರ್ಚಿನ ಸೆಲ್ಲು ಒಡೆದೆ. ಕಾಲಿನ ಸ್ವಿಚ್ಚಿಗೆ, ನಮ್ಮ ಬೀದಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿನವರು ಮೂಲೆಗೆ ಎಸೆದಿದ್ದ ಹೊಲಿಗೆ ಯಂತ್ರದ ಪೆಡಲನ್ನು ಕೇಳಿ ತಂದೆ. ರಾಯದುರ್ಗದಲ್ಲಿ ಅಕ್ಕಿ ಸಿಗದಿದ್ದರೂ ಹೊಲಿಗೆ ಯಂತ್ರದ ಬಿಡಿಭಾಗ ಸಿಗುತ್ತದೆ. ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯನ್ನು ಬಿಚ್ಚಿ, ಆ ಜಾಗದಲ್ಲಿ ದಪ್ಪ ಕೇಬಲ್ಲನ್ನು ಬೆರಳೆಣಿಕೆಯಷ್ಟು ಸುತ್ತು ಸುತ್ತಿದರೆ ಮುಗಿಯಿತು. ನಾನು ಬಿಚ್ಚಿದೆ. ಸುತ್ತಿದೆ. ಪ್ಲಗ್ಗು ಚುಚ್ಚಿದೆ. ಕೆಳಗೆ ಅಡುಗೆಮನೆಯಲ್ಲಿ ಶೇಂಗಾ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ನಿಂತಿತು. ಫ್ಯಾನು ನಿಂತಿತು. ಪಕ್ಕದ ಮನೆಯ ಟಿವಿಯೂ ನಿಂತಿತು. ಅದರ ಮುಂದೆ ಕೂತಿದ್ದ ಪಕ್ಕದ ಮನೆಯವರು ಹೊರಗೆ ಬಂದು ನಮ್ಮ ಮಹಡಿಯ ಕಡೆ ತಲೆ ಎತ್ತಿದರು.

"ಯಾಕ್ರೀ, ಮತ್ತ ರೈಲು ಹಳಿ ತಪ್ಪೈತೇನು?"

ಇಲ್ಲರಿ, ಸಣ್ಣ ರಿಪೇರಿ ಎಂದೆ. ಬಿಚ್ಚಬಾರದ ಸುರುಳಿಯನ್ನು ಬಿಚ್ಚಿದ್ದೆ ಎಂದು ಆಮೇಲೆ ತಿಳಿಯಿತು.

ನಾಗರತ್ನ ಅರೆಬರೆ ರುಬ್ಬಿದ ಚಟ್ನಿಯ ಜಾರನ್ನು ಹಿಡಿದುಕೊಂಡೇ ಮಹಡಿಗೆ ಬಂದಳು. ಅವಳ ತವರು ಮಡಕಶಿರಾ. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ರಾಯದುರ್ಗದ 'ಹೌದ್ರಿ', 'ಬರ್ರಿ' ಅವಳ ನಾಲಿಗೆಗೆ ಹತ್ತಿಲ್ಲ.

"ನೋಡಿ, ನಮ್ ಹನುಮಂತು ಅವ್ನೆ ಅಲ್ಲಿ. ದಿನಾ ಬೋರ್‌ವೆಲ್ ಮೋಟ್ರು ಸುತ್ತೋನ್ಗೆ ಇದೇನ್ ದೊಡ್ದಾ? ಒಂದ್ ಮಾತ್ ಹೇಳುದ್ರೆ ಸುತ್ಕೊಡ್ತಾನೆ," ಎಂದಳು.

ನಾನು ಪ್ಲಗ್ಗು ಕಿತ್ತು ತಂತಿ ಸುತ್ತಿಡತೊಡಗಿದೆ. ಆ ಹೆಸರನ್ನು ಕಿವಿಗೆ ಹಾಕಿಕೊಳ್ಳದಿರಲು ಕಾರಣವಿತ್ತು.

ಹನುಮಂತರಾಯಪ್ಪ ಅವಳ ತಮ್ಮ, ನನ್ನ ಬಾಮೈದ. ಮಡಕಶಿರಾದಲ್ಲಿ ಮೋಟರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕೆಲವು ವರ್ಷಗಳ ಹಿಂದೆ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಊಟಕ್ಕೆ ಎಲೆ ಹಾಕಿದ್ದರು. ಪಂಕ್ತಿಯಲ್ಲಿ ಕೂತಿದ್ದ ಯಾರೋ ದೊಡ್ಡ ಮನುಷ್ಯರಿಗೆ ನನ್ನನ್ನು ಪರಿಚಯ ಮಾಡಿಸುತ್ತಾ, "ಇವ್ರು ನಮ್ ಭಾವ, ರಾಯದುರ್ಗದೋರು. ರೈಲು ಬಿಡ್ತಾರೆ," ಎಂದ.

ರೈಲು ಬಿಡುವುದು ಎಂದರೆ ನಮ್ಮ ಭಾಷೆಯಲ್ಲಿ ಏನು ಅರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ. ಬುರುಡೆ ಬಿಡುವುದು ಎಂದು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ನಕ್ಕ. ನಾನು ಎಲೆಯ ಮುಂದಿನಿಂದ ಎದ್ದೆ. ಒಬ್ಬಟ್ಟು ಆಗಷ್ಟೇ ಬಿದ್ದಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಿ ಬಾಳೆಹಣ್ಣು ತಿಂದು ಊರಿಗೆ ಬಂದೆ. ಅಂದಿನಿಂದ ನಾವಿಬ್ಬರೂ ಮಾತಾಡಿರಲಿಲ್ಲ. ವಯಸ್ಸಿನಲ್ಲಿ ಚಿಕ್ಕವನು, ಅವನೇ ಮೊದಲು ಮಾತಾಡಲಿ ಎಂದು ನಾನು. ಊಟ ಬಿಟ್ಟು ಎದ್ದವರು ಅವರು, ಅವರೇ ಮಾತಾಡಲಿ ಎಂದು ಅವನು. ಇಬ್ಬರ ಲೆಕ್ಕವೂ ಸರಿಯಾಗಿದ್ದರಿಂದ ಯಾರೂ ಮಾತಾಡಲಿಲ್ಲ. ಹಬ್ಬಕ್ಕೆ, ಮುಂಜಿಗೆ, ತಾಯಿಯ ವರ್ಷಾಬ್ದಿಕಕ್ಕೆ ನಾಗರತ್ನ ಒಬ್ಬಳೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಬರುವಾಗ ಹುಣಸೆಹಣ್ಣು ತರುತ್ತಿದ್ದಳು. ಅದರ ಸಾರನ್ನು ನಾನು ಮಾತಿಲ್ಲದೆ ಉಣ್ಣುತ್ತಿದ್ದೆ.

ಇಷ್ಟಾದರೂ ಹೋಗಲು ಒಪ್ಪಿದ್ದು ಇಂಜಿನ್ನಿನ ಸಲುವಾಗಿ ಎಂದು ನಾನು ಅವಳಿಗೆ ಸ್ಪಷ್ಟಪಡಿಸಿದೆ. ಗಿರಾಕಿಯಾಗಿ ಹೋಗುತ್ತೇನೆ, ನೆಂಟನಾಗಿ ಅಲ್ಲ. ಅವಳು "ಆಯ್ತು ಬಿಡಿ, ಗಿರಾಕಿನೇ ಆಗಿ," ಎಂದು ನನ್ನ ಹೊಸ ಪಂಚೆಗೆ ಇಸ್ತ್ರಿ ಹಾಕಿದಳು.

ರಾಯದುರ್ಗದಿಂದ ಮಡಕಶಿರಾದ ಕಡೆಗೆ ನಿಜವಾದ ರೈಲೇ ಬರುತ್ತದೆ ಎಂದು ನಮ್ಮ ಕಡೆ ಬಹಳ ಕಾಲದಿಂದ ಮಾತಿದೆ. ಅದು ಬರುವವರೆಗೆ ಬಸ್ಸು. ಗುಜರಿಯಲ್ಲಿ ಕೊಂಡ ಇನ್ನೊಂದು ಸತ್ತ ಇನ್ವರ್ಟರಿನಿಂದ ತೆಗೆದ ಟ್ರಾನ್ಸ್‌ಫಾರ್ಮರು, ಪೆಡಲು, ಕೇಬಲ್ಲು, ಬೋಳು ಬಾಯ್ಲರು, ಎಲ್ಲವನ್ನೂ ಕೈಚೀಲಕ್ಕೆ ತುಂಬಿ ಹೊರಟೆವು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ದಾರಿಯಲ್ಲಿದ್ದ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ. ಅದು ಸರಿಯಲಿಲ್ಲ.

"ಏಮಿ ಸಾರ್ ಇದಿ, ಇಂತ ಬರುವುಂದಿ?" ಎಂದು ಕೇಳಿದ.

ಇಷ್ಟು ಭಾರ ಇದೆಯಲ್ಲ, ಏನಿದು ಎಂದರೆ ನಾನು ನಿಜವನ್ನೇ ಹೇಳಿದೆ: "ಟ್ರಾನ್ಸ್‌ಫಾರ್ಮರು."

ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ರೈತ ನಿಧಾನಕ್ಕೆ ತಿರುಗಿದ. "ನಮ್ಮೂರ ಹೊಲದಾಗಿಂದು ಟ್ರಾನ್ಸ್‌ಫಾರ್ಮರು ಮೊನ್ನೆ ಕಳುವಾತ್ರಿ," ಎಂದು ಯಾರಿಗೂ ಅಲ್ಲದೆ ಎಲ್ಲರಿಗೂ ಹೇಳಿದ. ಬಸ್ಸಿನ ಅರ್ಧ ಜನ ನನ್ನ ಚೀಲ ನೋಡಿದರು, ಉಳಿದರ್ಧ ನನ್ನ ಇಸ್ತ್ರಿ ಪಂಚೆ ನೋಡಿದರು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು ಕೈಚೀಲದಲ್ಲಿ ಹಿಡಿಯುವುದಿಲ್ಲ ಎಂದು ನಾನು ವಿವರಿಸಲು ಹೊರಟೆ. ವಿವರಿಸಿದಷ್ಟೂ ಕಳ್ಳನಂತೆಯೇ ಕೇಳಿಸುತ್ತಿತ್ತು. ಕೊನೆಗೆ ನಾಗರತ್ನ, "ಆಟದ್ ರೈಲಿಂದು ಕಣಪ್ಪ," ಎಂದಳು. ರೈತ ನನ್ನನ್ನು ಕರುಣೆಯಿಂದ ನೋಡಿ ಮುಂದಕ್ಕೆ ತಿರುಗಿಕೊಂಡ. ಕಳ್ಳನಾಗಿಯೇ ಉಳಿದಿದ್ದರೆ ಸ್ವಲ್ಪ ಗೌರವವಾದರೂ ಇರುತ್ತಿತ್ತು.

ಹನುಮಂತರಾಯಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಹೊಟ್ಟೆ ಬಗೆದ ಮೋಟರುಗಳು. ಅವನು ಎದ್ದು ನಿಂತ. ಅಕ್ಕನನ್ನು ನೋಡಿ, "ಬಾ ಅಕ್ಕ," ಎಂದ. 'ಬಾ' ಎಂದರೆ ಅವಳೊಬ್ಬಳಿಗೇ. 'ಬನ್ನಿ' ಎಂದಿದ್ದರೆ ನನಗೂ ಸೇರುತ್ತಿತ್ತು. ವ್ಯಾಕರಣದ ವಿಷಯದಲ್ಲಿ ಅವನು ಇಷ್ಟು ಎಚ್ಚರದವನೆಂದು ನನಗೆ ಗೊತ್ತಿರಲಿಲ್ಲ. ತಲೆ ಸ್ವಲ್ಪ ನರೆತಿತ್ತು. ಕನ್ನಡಕ ಬಂದಿತ್ತು. ಇದನ್ನೆಲ್ಲ ನಾಗರತ್ನ ನನಗೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಕೆಲಸ ಶುರುವಾಯಿತು. ಮೇಜಿನ ಈ ಕಡೆ ನಾನು, ಆ ಕಡೆ ಅವನು, ನಡುವೆ ಸ್ಟೂಲಿನ ಮೇಲೆ ನಾಗರತ್ನ.

"ಅವನಿಗೆ ಹೇಳು, ಮೊದಲನೇ ಸುರುಳಿ ಮುಟ್ಟಬಾರದು, ಎರಡನೆಯದನ್ನು ಮಾತ್ರ ಬಿಚ್ಚಬೇಕು," ಎಂದೆ.

"ಭಾವ ಹೇಳ್ತಾವ್ರೆ, ನಿಂಗೆಲ್ಲಾ ಗೊತ್ತೈತಂತೆ, ಎರಡನೇದ್ನ ಬಿಚ್ಬೇಕಂತೆ," ಎಂದು ಅವಳು ತಲುಪಿಸಿದಳು.

"ಗೊತ್ತು ಅಂತ ಹೇಳಕ್ಕ. ಕೇಬಲ್ಲು ಇದು ಸಾಲಲ್ಲ, ವೆಲ್ಡಿಂಗಿಂದು ಹಾಕ್ಬೇಕು ಅಂತ ಹೇಳು."

"ಕೇಬಲ್ ಭಾಳ ಚೆನ್ನಾಗ್ ತಂದವ್ರೆ ಭಾವ ಅಂತಾನೆ, ಆದ್ರೂ ವೆಲ್ಡಿಂಗಿಂದು ಹಾಕಣಾ ಅಂತಾನೆ."

ನಾವು ಒಂದು ಮೊಳ ದೂರದಲ್ಲಿದ್ದೆವು. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಅವಳ ಮೂಲಕ ಬಂದ ಮೇಲೆಯೇ ಕೇಳಿಸಿದಂತೆ ತಲೆಯಾಡಿಸುತ್ತಿದ್ದೆವು. ಪಂಪ್‌ಸೆಟ್ಟಿನ ಕೈ ಅವನದು. ಉದಾರವಾಗಿ ಒಂದೆರಡು ಸುತ್ತು ಹೆಚ್ಚೇ ಸುತ್ತಿದ. ಹೆಚ್ಚಾಯಿತು ಎಂದು ನಾನು ನಾಗರತ್ನನಿಗೆ ಹೇಳುವಷ್ಟರಲ್ಲಿ, ಅಂಗಡಿಯ ಹಿಂದೆಯೇ ಇದ್ದ ಮನೆಯಿಂದ ಅವನ ಹೆಂಡತಿ, ಮುದ್ದೆಗೆ ಹಿಟ್ಟು ಹಾಕಬೇಕು ಸ್ವಲ್ಪ ಬನ್ನಿ ಎಂದು ಕರೆದಳು. ನಾಗರತ್ನ ಎದ್ದು ಹೋದಳು.

ಸ್ಟೂಲು ಖಾಲಿಯಾಯಿತು.

ಅವನು ಪ್ಲಗ್ಗು ಚುಚ್ಚಿದ. ಏನೂ ನಿಲ್ಲಲಿಲ್ಲ; ಟ್ರಾನ್ಸ್‌ಫಾರ್ಮರು ಗುಂಯ್ ಎಂದಿತು. ಪೆಡಲು ಅವನ ಕಡೆಯ ನೆಲದ ಮೇಲಿತ್ತು, ಅವನ ಕಾಲು ಅದರ ಮೇಲಿತ್ತು. ನಾನು ಚಿಮಟದಲ್ಲಿ ಸಿಳ್ಳೆಯನ್ನು ಹಿಡಿದೆ. ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಸಿಳ್ಳೆ. ಅಕ್ಕಿಕಾಳಿಗಿಂತ ತುಸು ದೊಡ್ಡದು, ಅದನ್ನು ಅರದಿಂದ ರೂಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಇದ್ದಿಲಿನ ಕಡ್ಡಿಯನ್ನು ಮುಟ್ಟಿಸಿ, ಅವನ ಕಡೆ ನೋಡಿ ತಲೆಯಾಡಿಸಿದೆ. ಅವನು ಒತ್ತಿದ. ಕಡ್ಡಿಯ ತುದಿ ಕೆಂಪಾಯಿತು, ಬೆಸುಗೆ ನೀರಿನಂತೆ ಹರಿದು ಮಿನುಗಿತು. ಅಷ್ಟು ಚೆಂದದ ಬೆಸುಗೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಸಾಕು ಎಂದು ಮತ್ತೆ ತಲೆಯಾಡಿಸಿದೆ. ಅವನು ಪೆಡಲಿನ ಕಡೆ ಬಗ್ಗಿ ನೋಡುತ್ತಿದ್ದ. ಇನ್ನೂ ಜೋರಾಗಿ ತಲೆಯಾಡಿಸಿದೆ. ಅವನ ನರೆತ ನೆತ್ತಿ ಮಾತ್ರ ಕಾಣುತ್ತಿತ್ತು. ಸಿಳ್ಳೆ ಕೆಂಪಾಯಿತು, ಹಳದಿಯಾಯಿತು, ಮೇಣದ ಬತ್ತಿಯಂತೆ ಒಂದು ಕಡೆ ವಾಲತೊಡಗಿತು.

"ಬಿಡೋ!" ಎಂದು ಕೂಗಿದೆ.

ಅವನು ಕಾಲೆತ್ತಿದ. ಸಿಳ್ಳೆ ಇದ್ದ ಜಾಗದಲ್ಲಿ ಒಂದು ಹಿತ್ತಾಳೆಯ ಹನಿ ಇತ್ತು. ಇಬ್ಬರೂ ಅದನ್ನೇ ನೋಡಿದೆವು. ಅದಕ್ಕಿಂತ ದೊಡ್ಡ ಸಂಗತಿಯೊಂದು ಆಗಿಹೋಗಿತ್ತು; ಅದನ್ನು ನೋಡುವುದಕ್ಕಿಂತ ಹನಿಯನ್ನು ನೋಡುವುದು ಸುಲಭವಾಗಿತ್ತು.

"ಬಿಡು ಅಂತ ಮೊದ್ಲೇ ಹೇಳ್ಬಾರ್ದಾ ಭಾವ?" ಎಂದ ಅವನು, ತಲೆ ಎತ್ತದೆ.

"ತಲೆ ಆಡಿಸಿದೆನಲ್ಲೋ. ನೀನು ನೋಡಲೇ ಇಲ್ಲ."

"ಕಾಲ್ ನೋಡ್ಕಳ್ಲಾ, ನಿಮ್ ತಲೆ ನೋಡ್ಲಾ? ಬಾಯಲ್ ಹೇಳಿ."

ಹೇಳಿದೆ. ಒಂದು ಸುತ್ತು ಬಿಚ್ಚು ಎಂದೆ, ಬಿಚ್ಚಿದ. ಒತ್ತು ಎಂದೆ, ಒತ್ತಿದ. ಬಿಡು ಎಂದೆ, ಬಿಟ್ಟ. ಈ ಬಾರಿ ಹಿಡಿಕಂಬಿ ಕೂತಿತು. ಪಕ್ಕದ್ದು ಅಲ್ಲಾಡಲಿಲ್ಲ. ಇಬ್ಬರೂ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದೆವು. ಒತ್ತು, ಬಿಡು, ಒತ್ತು, ಬಿಡು. ಎಷ್ಟೋ ವರ್ಷದ ಮೇಲೆ ಶುರುವಾದ ಸಂಭಾಷಣೆಗೆ ಈ ಎರಡು ಮಾತು ಧಾರಾಳವಾಗಿ ಸಾಕಾದವು. ಗೃಹಪ್ರವೇಶದ ವಿಷಯವನ್ನೇ ಎತ್ತಿಕೊಂಡು ಕೂತಿದ್ದರೆ ಇಬ್ಬರಲ್ಲಿ ಒಬ್ಬರು ಮತ್ತೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯಬೇಕಾಗುತ್ತಿತ್ತು. ಕೈಗೆ ಕೆಲಸ, ಕಾಲಿಗೆ ಪೆಡಲು ಇದ್ದಾಗ ಮನುಷ್ಯ ಮಾತಿನಲ್ಲಿ ತಪ್ಪು ಹುಡುಕುವುದು ಕಡಿಮೆ.

ಎರಡನೇ ಹಿಡಿಕಂಬಿ ಕೂರಿಸುವಾಗ ನಾಗರತ್ನ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದಳು. ನಾನು "ಸ್ವಲ್ಪ ತಡಿ, ಈಗ ಒತ್ತು," ಎನ್ನುತ್ತಿದ್ದೆ. ಅವಳು ಒಂದು ಕ್ಷಣ ನಿಂತು, ಖಾಲಿ ಸ್ಟೂಲನ್ನು ನೋಡಿ, ಒಳಗೆ ಹೋದಳು. ಕೆಲಸ ಕಳೆದುಕೊಂಡವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಊಟಕ್ಕೆ ಕೂತಾಗ ನಾನೇ ಕೇಳಿದೆ. ಅಂದು ಹಾಗೇಕೆ ಅಂದೆ ಎಂದು.

ಅವನು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಇನ್ನೇನ್ ಅನ್ಲಿ ಭಾವ? ನೀವ್ ಬಿಡೋದು ರೈಲೇ ಅಲ್ವಾ? ಕೈಯಾಗೇ ಸ್ಟೇಷನ್ ಕಟ್ಟವ್ರೆ, ಈ ಸೀಮೆಯಾಗ್ ಇನ್ಯಾರೂ ಇಲ್ಲ ಅಂತ ಮುಂದೆ ಹೇಳೋನಿದ್ದೆ. ಅಷ್ಟ್ರಲ್ಲಿ ನೀವ್ ಎದ್ ಹೋದ್ರಿ. ಅರ್ಧ ಮಾತ್ಗೆ ಎದ್ ಹೋದ್ರೆ ಉಳಿದಿದ್ದರ್ಧ ಯಾರ್ಗೆ ಹೇಳ್ಲಿ?"

ಇದು ನಿಜವೇ ಇರಬಹುದು. ಅಥವಾ ಮುದ್ದೆ ಮುರಿಯುವ ಆ ಗಳಿಗೆಯಲ್ಲಿ ಅವನೇ ಒಂದು ರೈಲು ಬಿಟ್ಟಿರಬಹುದು. ನಾನು ವಿಚಾರಣೆಗೆ ಹೋಗಲಿಲ್ಲ. ಅವನ ಹೆಂಡತಿ ಸಾರು ಬಡಿಸಿದಳು, ಎರಡನೇ ಸಲವೂ ಹಾಕಿಸಿಕೊಂಡೆ.

ಊರಿಗೆ ಮರಳಿ ಬೆಸುಗೆ ಪೆಟ್ಟಿಗೆಯನ್ನು ಮಹಡಿಯಲ್ಲಿ ಜೋಡಿಸಿ, ಪೆಡಲನ್ನು ಮೇಜಿನ ಕೆಳಗಿಟ್ಟು, ನನ್ನ ಬಲಗಾಲಿನಿಂದಲೇ ಒತ್ತಿ ನೋಡಿದೆ. ಸೊಗಸಾಗಿ ಕೆಲಸ ಮಾಡಿತು. ಇಂಜಿನ್ನಿನ ಪಕ್ಕದ ಮೆಟ್ಟಿಲೊಂದು ತಕ್ಷಣ ಕೂತಿತು. ಒಬ್ಬನೇ ಕೂತು ಒಂದು ವಾರದಲ್ಲಿ ಇಂಜಿನ್ನು ಮುಗಿಸಬಹುದಿತ್ತು. ನಾನು ಪೆಡಲಿನಿಂದ ಕಾಲು ತೆಗೆದು, ಮಡಕಶಿರಾಕ್ಕೆ ಫೋನು ಮಾಡಿದೆ. ಒತ್ತುವ ಕೆಲಸ ಒಂದು ಹದಕ್ಕೆ ಬರುತ್ತಿಲ್ಲ, ಬಿಡುವಾದಾಗ ಬಂದು ಹೋಗು ಎಂದೆ.

"ಹಂಗೇ ಆಗ್ತೈತೆ ಭಾವ ಮೊದ್ಮೊದ್ಲು. ಬತ್ತೀನಿ," ಎಂದ ಅವನು, ತಡಮಾಡದೆ.

ಭಾನುವಾರ ಬಂದ. ಒಂದು ಚೀಲ ಹುಣಸೆಹಣ್ಣು ಹೊತ್ತು ತಂದಿದ್ದ. ಮಹಡಿ ಹತ್ತಿ ಮೊದಲ ಬಾರಿಗೆ ನಮ್ಮ ಸ್ಟೇಷನ್ನು ನೋಡಿದ. ನಾಯಿಯನ್ನು ನಾಯಿ ಎಂದು ಗುರುತಿಸಿದ. ಆಮೇಲೆ ನನ್ನ ಎದುರಿಗೆ ಕುರ್ಚಿ ಹಾಕಿಕೊಂಡು, ಮೇಜಿನ ಕೆಳಗಿನಿಂದ ಪೆಡಲನ್ನು ತನ್ನ ಕಡೆಗೆ ಎಳೆದುಕೊಂಡ. ಒತ್ತು ಎಂದೆ, ಒತ್ತಿದ. ಆಮೇಲಿನ ತಿಂಗಳೂ ಬಂದ. ಅದರ ಮುಂದಿನ ತಿಂಗಳೂ.

ಹೀಗೊಂದು ಭಾನುವಾರ ನಾಗರತ್ನ ಕಾಫಿ ತಂದವಳು ಬಾಗಿಲಲ್ಲಿ ನಿಂತು ನಮ್ಮ ಕೆಲಸವನ್ನು ಪೂರ್ತಿ ಗಮನಿಸಿದಳು. ಕಾಫಿ ಆರುವಷ್ಟು ಹೊತ್ತು ಗಮನಿಸಿದಳು.

"ಅಲ್ರೀ," ಎಂದಳು ಕೊನೆಗೆ, "ನಿಮ್ಗೂ ಎರಡು ಕಾಲ್ ಅವೆ. ಒಂದ್ರಾಗೆ ನೀವೇ ಒತ್ಕಬೋದಲ್ಲ? ಇದ್ಕೆ ಅವ್ನು ಅಷ್ಟು ದೂರದಿಂದ ಬರ್ಬೇಕಾ?"

ನಾನು ಇಂಜಿನ್ನನ್ನು ನೋಡಿದೆ. ಹನುಮಂತರಾಯಪ್ಪ ಟ್ರಾನ್ಸ್‌ಫಾರ್ಮರನ್ನು ನೋಡಿದ.

"ಅದು ಟೆಕ್ನಿಕಲ್ಲು ಅಕ್ಕ," ಎಂದ ಅವನು ಗಂಭೀರವಾಗಿ. "ನಿಂಗೆ ಹೇಳುದ್ರೂ ಗೊತ್ತಾಗಲ್ಲ."

ಅವಳು ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಟೆಕ್ನಿಕಲ್ ಆದ್ರೆ ಸರಿ," ಎಂದು, ಇನ್ನೊಂದು ಪಾವು ಅಕ್ಕಿ ಹೆಚ್ಚಿಗೆ ಇಡಲು ಕೆಳಗೆ ಹೋದಳು.

ಇಂಜಿನ್ನಿನ ಕೆಲಸ ಈಗ ಮುಗಿಯುತ್ತಾ ಬಂದಿದೆ. ಹೊಗೆಪೆಟ್ಟಿಗೆಯ ಬಾಗಿಲು ಒಂದು ಕೂತರೆ ಆಯಿತು. ಆಮೇಲೆ ಏನು ಮಾಡುವುದು ಎಂದು ಅವನು ಮೊನ್ನೆ ಕಾಫಿ ಕುಡಿಯುತ್ತಾ, ಹೆಚ್ಚು ಆಸಕ್ತಿ ಇಲ್ಲದವನಂತೆ ಕೇಳಿದ. ಪ್ಯಾಸೆಂಜರ್ ರೈಲು ಮಾಡುವುದೋ, ಗೂಡ್ಸೋ ಎಂದು ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿದೆವು. ಗೂಡ್ಸೇ ಮಾಡುವುದೆಂದು ತೀರ್ಮಾನವಾಯಿತು. ಗೂಡ್ಸು ಗಾಡಿಗಾದರೆ ಎಷ್ಟು ಡಬ್ಬಿ ಬೇಕಾದರೂ ಜೋಡಿಸುತ್ತಾ ಹೋಗಬಹುದು.